ಹಿಮಕ್ರೀಡಾಕೂಟಗಳೂ ರಾಷ್ಟ್ರಮಾನ್ಯತೆಯ ಪ್ರಶ್ನೆಯೂ

ಕೃಷ್ಣಾತೀರದ ಉಗಾರ ಖುರ್ದದಲ್ಲಿ ಚಳಿಗಾಲವೆಂದರೆ ಕಬ್ಬು ನುರಿಸುವ ಕಾಲ. ೧೯೩೯ರಲ್ಲಿ ಸ್ಥಾಪಿತವಾದ ಅಲ್ಲಿಯ ಸಕ್ಕರೆ ಕಾರಖಾನೆಯ ಕಡೆಗೆ ಕಬ್ಬು ಹೇರಿದ ಗಾಡಿಗಳು ಸಾಲುಗಟ್ಟಿ ಸಾಗುತ್ತವೆ. ಸುತ್ತಣ ಊರುಗಳ ಜಾತ್ರೆಗಳಲ್ಲಿ ಕುಸ್ತಿಯ ಕಣಗಳು ಸಿದ್ಧವಾಗುತ್ತವೆ. ನದಿಯ ಮೇಲೆ ಮುಂಜಾವಿನಲ್ಲಿ ಮಂಜು ಕವಿದರೂ ಹೊತ್ತೇರುವುದರೊಳಗೆ ಅದು ಕರಗಿಹೋಗುತ್ತದೆ. ಇಂಥ ಪ್ರದೇಶದ ಕಾಲೇಜುಗಳಲ್ಲಿ ಆಧುನಿಕ ಜಗತ್ತಿನ ಇತಿಹಾಸವನ್ನು ಬೋಧಿಸುವವರು ಯುರೋಪಿನ ಹಿಮಕ್ರೀಡೆಗಳ ಪ್ರಸ್ತಾಪವನ್ನೆತ್ತಿದರೆ, ಹಿಮವನ್ನೇ ಕಾಣದ ನಮಗೆ ಅದರ ಗೊಡವೆ ಏತಕ್ಕೆಂದು ವಿದ್ಯಾರ್ಥಿಗಳು ಕೇಳುವುದು ಸಹಜವೇ ಸರಿ. ಆ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಹಿಮಕ್ರೀಡಾಕೂಟಗಳ ನಡೆವಳಿಕೆಯನ್ನು ಅಭ್ಯಸಿಸುವವನಿಗೆ ಪದೇ ಪದೇ ಎದುರಾಗುವ ಸಂಗತಿಗಳೆಂದರೆ ಗಡಿ, ಧ್ವಜ, ಹೆಸರು ಮತ್ತು ರಹದಾರಿ ಪತ್ರ. ಈ ನಾಲ್ಕರ ಅರ್ಥವನ್ನು ನಮ್ಮ ಗಡಿನಾಡಿನವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಮುಂಬಯಿ ಇಲಾಖೆಯ ಹಳ್ಳಿಗಳೂ ಪಟವರ್ಧನರೇ ಮೊದಲಾದ ಸಂಸ್ಥಾನಿಕರ ಹಳ್ಳಿಗಳೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿದ್ದವು. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಶೇಡಬಾಳ, ಉಗಾರಗಳನ್ನು ದಾಟಿ ಕುಡಚಿಯತ್ತ ಬರುವ ಮೀರಜದ ರೈಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಬರುವ ರೈಲಾಯಿತು.

ಕ್ರೀಡೆಯು ಮೊದಲು ಶುದ್ಧವಾಗಿದ್ದಿತೆಂದೂ ಅನಂತರ ರಾಜಕೀಯವು ಬಂದು ಅದರಲ್ಲಿ ಬೆರೆಯಿತೆಂದೂ ಒಂದು ಅಭಿಪ್ರಾಯ ಪ್ರಚಲಿತವಾಗಿದೆ. ಹಿಮಕ್ರೀಡೆಗಳ ಮಟ್ಟಿಗೆ ಈ ಅಭಿಪ್ರಾಯ ನಿಲ್ಲಲಾರದೆಂಬುದು ನಮ್ಮ ನಿಲುವು. ಒಬ್ಬ ಸ್ಪರ್ಧಿ ಪಂಕ್ತಿಯಲ್ಲಿ ಬಂದು ನಿಲ್ಲಬೇಕಾದರೆ ಅವನ ದೇಶಕ್ಕೆ ಆಮಂತ್ರಣ ಬಂದಿರಬೇಕು. ಆ ದೇಶವು ಯಾವ ಹೆಸರಿನಿಂದ, ಯಾವ ಧ್ವಜದ ಕೆಳಗೆ ಬರಬೇಕೆಂಬುದು ನಿರ್ಣಯವಾಗಿರಬೇಕು. ಅವನಿಗೆ ಗಡಿ ದಾಟುವ ಪರವಾನಗಿ ದೊರೆತಿರಬೇಕು. ಈ ಮೂರೂ ಆಟಕ್ಕೆ ಮೊದಲೇ ಆಗಬೇಕಾದ ಕೆಲಸಗಳು. ಮೂರೂ ರಾಜ್ಯಗಳ ಕೈಯಲ್ಲಿರುವ ಕೆಲಸಗಳು. ಇದನ್ನು ನಾವು ಸ್ವಿಟ್ಜರ್ಲೆಂಡ್ ಅಥವಾ ನಾರ್ವೆಯಿಂದ ಆರಂಭಿಸದೆ ಬೆಳಗಾವಿಯಿಂದಲೇ ಆರಂಭಿಸಿ ನೋಡಬಹುದು.

೧೯೨೦ರಲ್ಲಿ ಬೆಲ್ಜಿಯಮ್ ದೇಶದ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ ಕೂಟ ನಡೆಯಿತು. ಅದರ ಮ್ಯಾರಥಾನ್ ಓಟದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದ ಸರ್ ದೋರಾಬಜಿ ಟಾಟಾ ಅವರು ಅಲ್ಲಿಯ ಓಟಗಾರರ ಸಾಮರ್ಥ್ಯವನ್ನು ಕಂಡು ಅವರನ್ನು ಯುರೋಪಿಗೆ ಕಳುಹಿಸುವ ಸಂಕಲ್ಪ ಮಾಡಿದುದೂ, ಆ ತಂಡದಲ್ಲಿ ಓಟಗಾರರಲ್ಲದೆ ಕುಮಾರ ನವಲೆ ಮತ್ತು ರಣಧೀರ ಶಿಂದೆ ಎಂಬ ಮಲ್ಲರೂ ಇದ್ದುದೂ ಕ್ರೀಡೇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ತಿಳಿದ ವಿಷಯಗಳೇ. ಆದರೆ ಸಾಮರ್ಥ್ಯವೊಂದಿದ್ದರೆ ಸಾಲದು, ಕರೆ ಬರಬೇಕಷ್ಟೆ. ಮುಂಬಯಿಯ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತಕ್ಕೆ ಆ ಕೂಟದಲ್ಲಿ ಪ್ರವೇಶ ದೊರೆಯಿತು. ಪರತಂತ್ರ ದೇಶವೊಂದು ಪ್ರತ್ಯೇಕ ತಂಡವಾಗಿ ಹೋಗುವುದು ಹೇಗೆಂಬ ಸಂಶಯ ಇಲ್ಲಿ ಏಳಬಹುದು. ಅದರ ಹಿಂದಿನ ವರ್ಷವೇ ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಮಾಂಟೆಗ್ಯೂ ಸಾಹೇಬರೂ ಬಿಕಾನೇರದ ಮಹಾರಾಜ ಗಂಗಾಸಿಂಹರೂ ಸಹಿ ಮಾಡಿದ್ದರು. ರಾಷ್ಟ್ರಸಂಘದ ಮೂಲ ಸದಸ್ಯರಲ್ಲಿ ಭಾರತವೂ ಒಂದಾಗಿದ್ದಿತು. ಯುದ್ಧದಲ್ಲಿ ಹರಿಸಿದ ರಕ್ತಕ್ಕೆ ಪ್ರತಿಯಾಗಿ ದೊರೆತ ಅರೆಮಾನ್ಯತೆಯಿದು: ಸಭೆಯಲ್ಲಿ ಆಸನವುಂಟು, ಸ್ವಂತ ಸರಕಾರವಿಲ್ಲ. ಆಂಟ್ವರ್ಪಿನಲ್ಲಿಯೂ ಹಾಗೆಯೇ ಆಯಿತು. ತಂಡ ನಮ್ಮದು, ಲಾಂಛನ ಸಾಮ್ರಾಜ್ಯದ್ದು.

ಈ ಆಂಟ್ವರ್ಪ್ ಕೂಟವು ನಮ್ಮ ವಿಷಯಕ್ಕೆ ಇನ್ನೊಂದು ಕಾರಣದಿಂದ ಮುಖ್ಯವಾಗಿದೆ. ಚಳಿಗಾಲದ ಒಲಿಂಪಿಕ್ ಎಂಬ ಪ್ರತ್ಯೇಕ ಕೂಟ ಆಗ ಹುಟ್ಟಿರಲಿಲ್ಲ; ಆದುದರಿಂದ ಮಂಜುಗಡ್ಡೆಯ ಮೇಲಿನ ಹಾಕಿಯೂ ಕಲಾತ್ಮಕ ಸ್ಕೇಟಿಂಗೂ ಇದೇ ಕೂಟದ ಅಂಗಗಳಾಗಿ, ಬೇಸಗೆಯ ಪಂದ್ಯಗಳಿಗಿಂತ ಮೊದಲು, ಏಪ್ರಿಲ್ ತಿಂಗಳಲ್ಲಿ ನಡೆದವು. ಅಲ್ಲಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ನೋಡಬೇಕು. ಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಬಲ್ಗೇರಿಯಾ, ತುರ್ಕಸ್ಥಾನಗಳಿಗೆ ಆಮಂತ್ರಣವಿರಲಿಲ್ಲ. ಆಸ್ಟ್ರಿಯಾದ ಚಕ್ರಾಧಿಪತ್ಯ ಒಡೆದು ೧೯೧೮ರಲ್ಲಿ ಹುಟ್ಟಿದ ಚೆಕೊಸ್ಲೊವಾಕಿಯಾಕ್ಕೆ ಆಮಂತ್ರಣವಿದ್ದಿತು. ಈ ಹೊಸ ದೇಶದ ಹಾಕಿ ತಂಡ ಕೆನಡಾದ ಎದುರು ೧೫ ಗೋಲುಗಳಿಂದಲೂ ಅಮೇರಿಕೆಯ ಎದುರು ೧೬ ಗೋಲುಗಳಿಂದಲೂ ಸೋತು, ಸ್ವೀಡನ್ನಿನ ಎದುರು ಒಂದೇ ಒಂದು ಗೋಲು ಹೊಡೆದು ಗೆದ್ದು, ಮೂರನೆಯ ಸ್ಥಾನದ ಪದಕವನ್ನು ಪಡೆಯಿತು. ಪದಕ ಪಡೆಯಲು ಇಷ್ಟು ಅಲ್ಪ ಸಾಧನೆ ಸಾಕಾದುದಕ್ಕೆ ಪಂದ್ಯದ ಕ್ರಮದಷ್ಟೇ ಗೈರುಹಾಜರಾದವರ ಪಟ್ಟಿಯೂ ಕಾರಣವೆಂದು ನಾವು ತಿಳಿಯುತ್ತೇವೆ.

ಆಗಸ್ಟ್ ತಿಂಗಳಿನ ಮ್ಯಾರಥಾನಿನಲ್ಲಿ ಈ ಸಂಗತಿ ಮತ್ತಷ್ಟು ಸ್ಪಷ್ಟವಾಗುತ್ತದೆ. ಮೊದಲನೆಯವರಾಗಿ ಬಂದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್. ಅವರಿಗಿಂತ ಹದಿಮೂರು ಸೆಕೆಂಡುಗಳಷ್ಟು ಮಾತ್ರ ಹಿಂದೆ ಬಿದ್ದು ಎರಡನೆಯವರಾದವರು ಎಸ್ಟೋನಿಯಾದ ಯೂರಿ ಲೊಸ್‌ಮನ್. ಇದೇ ಕೊಲೆಹ್ಮೈನೆನ್ ೧೯೧೨ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಾಗ, ಫಿನ್ಲೆಂಡ್ ಝಾರ್ ದೊರೆಯ ಅಧೀನದಲ್ಲಿದ್ದುದರಿಂದ, ಏರಿದುದು ರಷ್ಯಾದ ಧ್ವಜ. ಅದನ್ನು ಕಂಡು ಗೆಲ್ಲದಿದ್ದರೇ ಲೇಸಾಗಿತ್ತೆಂದು ಅವರು ಮರುಗಿದರೆಂದು ಹೇಳುತ್ತಾರೆ. ಫಿನ್ಲೆಂಡ್ ೧೯೧೭ರಲ್ಲಿ, ಎಸ್ಟೋನಿಯಾ ೧೯೧೮ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿಕೊಂಡವು. ಹೀಗೆ ಆಂಟ್ವರ್ಪಿನ ರಸ್ತೆಯಲ್ಲಿ ಹೊಸದಾಗಿ ಧ್ವಜ ಪಡೆದ ಇಬ್ಬರು ಮುಂದೆ ಓಡುತ್ತಿದ್ದರು. ಧ್ವಜಕ್ಕಾಗಿ ಇನ್ನೂ ಇಪ್ಪತ್ತೇಳು ವರ್ಷ ಕಾಯಬೇಕಾಗಿದ್ದ ನಮ್ಮ ಬೆಳಗಾವಿಯವರು ಅದೇ ೪೨ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಹಿಂದಿನಿಂದ ಕ್ರಮಿಸುತ್ತಿದ್ದರು. ಎಸ್ಟೋನಿಯಾದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ೧೯೪೦ರಲ್ಲಿ ಆ ದೇಶವನ್ನು ಸೋವಿಯೆತ್ ಒಕ್ಕೂಟ ನುಂಗಿತು. ಅರ್ಧ ಶತಮಾನದ ಮೇಲೆ ಅದು ಮತ್ತೆ ಸ್ವತಂತ್ರ ರಾಷ್ಟ್ರವಾಗಿ ಒಲಿಂಪಿಕ್ ಮೆರವಣಿಗೆಯಲ್ಲಿ ನಡೆದುದು ಒಂದು ಹಿಮಕ್ರೀಡಾಕೂಟದಲ್ಲಿಯೇ, ೧೯೯೨ರ ಫೆಬ್ರುವರಿಯಲ್ಲಿ, ಫ್ರಾನ್ಸಿನ ಆಲ್ಬರ್ಟ್‌ವಿಲ್ಲಿನಲ್ಲಿ. ಅದೇ ಮೆರವಣಿಗೆಯಲ್ಲಿ ರಷ್ಯಾ, ಉಕ್ರೇನ್ ಮೊದಲಾದ ದೇಶಗಳ ಸ್ಪರ್ಧಿಗಳು, ಒಕ್ಕೂಟವು ಒಡೆದು ಇನ್ನೂ ಎರಡು ತಿಂಗಳೂ ತುಂಬದಿದ್ದುದರಿಂದ, ಒಲಿಂಪಿಕ್ ಧ್ವಜದ ಹಿಂದೆ ಒಂದು ಸಂಯುಕ್ತ ತಂಡವಾಗಿ ನಡೆದರು.

ಇನ್ನು ಪ್ರತ್ಯೇಕ ಹಿಮಕೂಟದ ಉಗಮಕ್ಕೆ ಬರೋಣ. ೧೯೨೪ರ ಜನವರಿ-ಫೆಬ್ರುವರಿಗಳಲ್ಲಿ ಫ್ರಾನ್ಸಿನ ಶಾಮೊನಿ ಎಂಬ ಗಿರಿಗ್ರಾಮದಲ್ಲಿ ಅಂತರರಾಷ್ಟ್ರೀಯ ಹಿಮಕ್ರೀಡಾ ಸಪ್ತಾಹವೆಂಬ ಹೆಸರಿನಲ್ಲಿ ನಡೆದ ಪಂದ್ಯಗಳಿಗೆ ಅನಂತರ ಮೊದಲನೆಯ ಚಳಿಗಾಲದ ಒಲಿಂಪಿಕ್ ಕೂಟವೆಂಬ ಪದವಿಯನ್ನು ಕೊಡಲಾಯಿತು. ಜರ್ಮನಿಗೆ ಆಗಲೂ ಕರೆಯಿಲ್ಲ. ಶಾಮೊನಿಯ ಕಾರ್ಯಕ್ರಮದಲ್ಲಿ ಸೈನಿಕ ಗಸ್ತು ಎಂಬುದೊಂದು ಸ್ಪರ್ಧೆಯಿದ್ದುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಬೆನ್ನಿಗೆ ಹೊರೆಯನ್ನೂ ಹೆಗಲಿಗೆ ಬಂದೂಕನ್ನೂ ಏರಿಸಿಕೊಂಡ ಯೋಧರ ತಂಡಗಳು ಹಿಮದ ಮೇಲೆ ಜಾರುತ್ತ ಸಾಗಿ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಅದು. ಗೆದ್ದವರು ಸ್ವಿಸ್ ಯೋಧರು. ಇಂದು ಬಯಾಥ್ಲಾನ್ ಎಂದು ಕರೆಯುವ, ೧೯೬೦ರಲ್ಲಿ ಒಲಿಂಪಿಕ್ಕಿಗೆ ಸೇರಿದ ಸ್ಪರ್ಧೆಯ ಪೂರ್ವರೂಪ ಇದೇ. ಸ್ಕೀಯಿಂಗ್ ಎಂಬುದು ಉತ್ತರ ದೇಶಗಳಲ್ಲಿ ಬೇಟೆಗಾರನ ನಡಿಗೆಯಾಗಿದ್ದು, ತರುವಾಯ ಗಡಿಕಾವಲಿನವನ ನಡಿಗೆಯಾಗಿ, ಬಹಳ ಮಟ್ಟಿಗೆ ಅವನ ಮೂಲಕವೇ ಸ್ಪರ್ಧೆಯಾಯಿತು. ಕುಸ್ತಿಯ ಕಣದಲ್ಲಿ ಯುದ್ಧದ ನೆನಪಿರುವಂತೆ ಹಿಮದ ಹಾದಿಯಲ್ಲಿ ಗಡಿಯ ನೆನಪಿದೆ. ಈ ಸಂಗತಿ ಭಾರತದ ಪ್ರಕರಣಕ್ಕೆ ಬಂದಾಗ ನಮಗೆ ಪುನಃ ಬೇಕಾಗುತ್ತದೆ.

೧೯೩೬ರ ಫೆಬ್ರುವರಿಯಲ್ಲಿ ಬವೇರಿಯಾದ ಗಾರ್ಮಿಶ್-ಪಾರ್ಟೆನ್‌ಕಿರ್ಖನ್ನಿನಲ್ಲಿ ನಡೆದ ಕೂಟದ ವಿಷಯ ಬೇಕಾದಷ್ಟು ಬರೆಯಲಾಗಿದೆ. ನಾವು ಎರಡೇ ಮಾತು ಹೇಳುತ್ತೇವೆ. ಯಹೂದ್ಯರಿಗೆ ಪ್ರವೇಶವಿಲ್ಲವೆಂದು ಸಾರುವ ಫಲಕಗಳನ್ನು ಕೂಟದ ಅವಧಿಗೆ ಆ ಊರಿನಿಂದ ತೆಗೆಯಿಸಲಾಯಿತು. ಕೂಟ ಮುಗಿದುದು ಫೆಬ್ರುವರಿ ೧೬ರಂದು. ಮಾರ್ಚ್ ೭ರಂದು ಹಿಟ್ಲರನ ಸೈನ್ಯ ಒಪ್ಪಂದವನ್ನು ಮುರಿದು ರೈನ್ ಪ್ರದೇಶವನ್ನು ಪ್ರವೇಶಿಸಿತು. ಮುಂದಿನ, ಅಂದರೆ ೧೯೪೦ರ ಕೂಟವನ್ನು ಜಪಾನಿನ ಸಪ್ಪೊರೋ ನಗರಕ್ಕೆ ಗೊತ್ತುಪಡಿಸಿದ್ದರು. ಚೀನದೊಡನೆ ಯುದ್ಧದಲ್ಲಿ ತೊಡಗಿದ್ದ ಜಪಾನ್ ೧೯೩೮ರಲ್ಲಿ ಅದನ್ನು ಕೈಬಿಟ್ಟಿತು. ತರುವಾಯ ಸೇಂಟ್ ಮೊರಿಟ್ಸಿನ ಮಾತು ಬಂದು, ಅದೂ ಮುರಿದು, ೧೯೩೯ರ ಜೂನಿನಲ್ಲಿ ಪುನಃ ಗಾರ್ಮಿಶ್ಶಿಗೇ ಕೊಟ್ಟರೆಂಬುದು ಇಂದು ಓದುವವರಿಗೆ ನಂಬಲರ್ಹವಲ್ಲದಂತೆ ತೋರುತ್ತದೆ. ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾಯಿತು, ಕೂಟ ನಡೆಯಲಿಲ್ಲ. ೧೯೪೮ರಲ್ಲಿ ಸೇಂಟ್ ಮೊರಿಟ್ಸಿನಲ್ಲಿ ಮತ್ತೆ ಕೂಟ ಸೇರಿದಾಗ ಜರ್ಮನಿ, ಜಪಾನುಗಳಿಗೆ ಆಮಂತ್ರಣ ಹೋಗಲಿಲ್ಲ. ೧೯೨೦ರ ನೀತಿಯೇ ಪುನರಾವೃತ್ತಿಯಾಯಿತು.

ಎರಡನೆಯ ಮಹಾಯುದ್ಧದ ಅನಂತರ ಪ್ರಶ್ನೆಯ ಸ್ವರೂಪ ಬದಲಾಯಿತು. ಯಾರನ್ನು ಕರೆಯಬೇಕೆಂಬುದಕ್ಕಿಂತಲೂ, ಬಂದವರನ್ನು ಏನೆಂದು ಕರೆಯಬೇಕೆಂಬುದು ಮುಖ್ಯವಾಯಿತು. ಜರ್ಮನಿ ಒಡೆದು ಎರಡು ರಾಜ್ಯಗಳಾಗಿದ್ದಿತು; ಪಶ್ಚಿಮದವರು ಪೂರ್ವದ ರಾಜ್ಯವನ್ನು ರಾಜ್ಯವೆಂದೇ ಒಪ್ಪುತ್ತಿರಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಎರಡೂ ಕಡೆಯವರು ಸೇರಿ ಒಂದೇ ತಂಡವಾಗಿ ಬರತಕ್ಕದ್ದೆಂದು ಕಟ್ಟು ಮಾಡಿತು. ೧೯೫೬, ೧೯೬೦, ೧೯೬೪ರ ಕೂಟಗಳಿಗೆ ಅವರು ಹಾಗೆಯೇ ಬಂದರು. ೧೯೫೯ರ ಅಕ್ಟೋಬರಿನಲ್ಲಿ ಪೂರ್ವ ಜರ್ಮನಿ ತನ್ನ ಧ್ವಜದ ಮೇಲೆ ಸುತ್ತಿಗೆ ಮತ್ತು ಕೈವಾರಗಳ ಚಿಹ್ನೆಯನ್ನು ಸೇರಿಸಿತು. ನಾಲ್ಕು ತಿಂಗಳಲ್ಲಿ ಅಮೇರಿಕೆಯ ಸ್ಕ್ವಾ ವ್ಯಾಲಿಯಲ್ಲಿ ಹಿಮಕೂಟ, ಯಾವ ಧ್ವಜ? ಕಪ್ಪು-ಕೆಂಪು-ಹೊನ್ನಿನ ಪಟ್ಟಿಗಳ ನಡುವೆ ಒಲಿಂಪಿಕ್ಕಿನ ಐದು ಬಳೆಗಳನ್ನು ಬಿಳಿಯ ಬಣ್ಣದಲ್ಲಿ ಬರೆದ ಹೊಸದೊಂದು ಧ್ವಜವನ್ನು ಹೊಲಿಸಲಾಯಿತು. ಪಶ್ಚಿಮದ ಚಾನ್ಸಲರ್ ಅಡೆನಾವರ್ ಅವರಿಗೆ ಇದು ಒಪ್ಪಿಗೆಯಾಗದಿದ್ದರೂ ಅವರದೇ ದೇಶದ ಕ್ರೀಡಾಮಂಡಲಿ ಇದನ್ನು ಒಪ್ಪಿಕೊಂಡಿತು. ಸ್ಕೀ ಜಿಗಿತದಲ್ಲಿ ಪೂರ್ವದ ಹೆಲ್ಮುಟ್ ರೆಕ್‌ನಾಗೆಲ್ ಗೆದ್ದರು. ಓಟ-ಜಿಗಿತಗಳ ಸಂಯುಕ್ತ ಸ್ಪರ್ಧೆಯಲ್ಲಿ ಪಶ್ಚಿಮದ ಗೆಯೊರ್ಗ್ ಥೋಮಾ ಗೆದ್ದರು. ಇಬ್ಬರಿಗೂ ಏರಿದುದು ಆ ಹೊಲಿಸಿದ ಧ್ವಜವೇ; ರಾಷ್ಟ್ರಗೀತೆಗೆ ಬದಲಾಗಿ ಬಾರಿಸಿದುದು ಬೀಥೋವೆನ್ನನ ಒಂಬತ್ತನೆಯ ಸಿಂಫನಿಯ ರಾಗ. ಯಾವ ರಾಜ್ಯದ್ದೂ ಅಲ್ಲದ ಒಂದು ಧ್ವಜಕ್ಕೆ ಎರಡು ರಾಜ್ಯಗಳ ಆಟಗಾರರು ತಲೆಬಾಗಿದ ಈ ಪ್ರಸಂಗವನ್ನು ಕೆಲವರು ಕ್ರೀಡೆಯ ವಿಜಯವೆಂದು ಕೊಂಡಾಡುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಮಾನ್ಯತೆಯ ಪ್ರಶ್ನೆಯನ್ನು ಬಿಡಿಸಲಾಗದೆ ಮುಂದೂಡಿದ ಉಪಾಯವಿದು. ಮುಂದೂಡಿದುದರ ಬೆಲೆ ಎರಡೇ ವರ್ಷಗಳಲ್ಲಿ ತೆರಬೇಕಾಯಿತು.

೧೯೬೧ರ ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ಗೋಡೆ ಎದ್ದಿತು. ಪೂರ್ವ ಜರ್ಮನಿಯ ರಹದಾರಿ ಪತ್ರಗಳನ್ನು ಪಾಶ್ಚಾತ್ಯ ರಾಷ್ಟ್ರಗಳು ಮನ್ನಿಸುತ್ತಿರಲಿಲ್ಲವಾದುದರಿಂದ, ಅಲ್ಲಿಯ ಆಟಗಾರರು ಹೊರಗೆ ಹೋಗಬೇಕಾದರೆ ಪಶ್ಚಿಮ ಬರ್ಲಿನ್ನಿನಲ್ಲಿದ್ದ ಮಿತ್ರರಾಷ್ಟ್ರಗಳ ಪ್ರಯಾಣ ಕಚೇರಿಯಿಂದ ತಾತ್ಕಾಲಿಕ ಪತ್ರವನ್ನು ಪಡೆಯಬೇಕಾಗಿದ್ದಿತು. ಗೋಡೆಗೆ ಪ್ರತೀಕಾರವಾಗಿ ಆ ಪತ್ರಗಳನ್ನು ತಡೆಹಿಡಿಯಲಾಯಿತು. ಪರಿಣಾಮವಾಗಿ ೧೯೬೨ರಲ್ಲಿ ಶಾಮೊನಿಯ ವಿಶ್ವ ಸ್ಕೀ ಸ್ಪರ್ಧೆಗೆ ಪೂರ್ವ ಜರ್ಮನರು ಹೋಗಲಾಗಲಿಲ್ಲ. ಅದೇ ವರ್ಷ ಅಮೇರಿಕೆಯ ಕೊಲೊರಾಡೋ ಸ್ಪ್ರಿಂಗ್ಸಿನಲ್ಲಿ ನಡೆದ ವಿಶ್ವ ಐಸ್ ಹಾಕಿ ಸ್ಪರ್ಧೆಗೂ ಅವರಿಗೆ ಪರವಾನಗಿ ದೊರೆಯಲಿಲ್ಲ. ಅದನ್ನು ಪ್ರತಿಭಟಿಸಿ ಸೋವಿಯೆತ್ ಒಕ್ಕೂಟವೂ ಚೆಕೊಸ್ಲೊವಾಕಿಯಾವೂ ದೂರ ಉಳಿದವು. ಗೆದ್ದುದು ಸ್ವೀಡನ್. ಐದು ವರ್ಷಗಳ ಹಿಂದೆ, ೧೯೫೭ರಲ್ಲಿ, ಹಂಗೇರಿಯ ದಂಗೆಯನ್ನು ಸೋವಿಯೆತ್ ಸೈನ್ಯ ದಮನ ಮಾಡಿದುದನ್ನು ಖಂಡಿಸಿ ಅಮೇರಿಕೆ, ಕೆನಡಾಗಳು ಮಾಸ್ಕೋದ ಸ್ಪರ್ಧೆಗೆ ಹೋಗದಿದ್ದಾಗಲೂ ಗೆದ್ದುದು ಸ್ವೀಡನ್ನೇ. ತಟಸ್ಥನೀತಿಗೆ ಇಂಥ ಲಾಭವೂ ಉಂಟೆಂದು ಅಲಿಪ್ತ ರಾಷ್ಟ್ರದವರಾದ ನಾವು ನಗುತ್ತ ಹೇಳಬಹುದು.

ಇದುವರೆಗೆ ರಾಜಕೀಯವು ಆಟದ ಮೇಲೆ ಎರಗಿದ ನಿದರ್ಶನಗಳನ್ನು ನೋಡಿದೆವು. ಆಟವು ರಾಜಕೀಯದ ಮೇಲೆ ಎರಗಿದುದಕ್ಕೆ ೧೯೬೯ರ ವಸಂತದಷ್ಟು ಘನವಾದ ನಿದರ್ಶನ ಇನ್ನೊಂದಿಲ್ಲ. ಆ ವರ್ಷದ ವಿಶ್ವ ಐಸ್ ಹಾಕಿ ಸ್ಪರ್ಧೆ ಪ್ರಾಗ್ ನಗರದಲ್ಲಿ ನಡೆಯಬೇಕಾಗಿದ್ದಿತು. ೧೯೬೮ರ ಆಗಸ್ಟಿನಲ್ಲಿ ಸೋವಿಯೆತ್ ಟ್ಯಾಂಕುಗಳು ದೇಶವನ್ನು ಆಕ್ರಮಿಸಿದುದರಿಂದ ಚೆಕೊಸ್ಲೊವಾಕಿಯಾ ಅದನ್ನು ನಡೆಸಲು ಒಲ್ಲೆನೆಂದಿತು. ಸ್ಪರ್ಧೆ ಸ್ಟಾಕ್‌ಹೋಮಿಗೆ ಹೋಯಿತು. ಅಲ್ಲಿ ಮಾರ್ಚ್ ೨೧ರಂದು ಎರಡು ಸೊನ್ನೆಯಿಂದಲೂ, ಮಾರ್ಚ್ ೨೮ರಂದು ನಾಲ್ಕು ಮೂರರಿಂದಲೂ, ಎರಡು ಸಲ ಚೆಕೊಸ್ಲೊವಾಕಿಯಾದವರು ಸೋವಿಯೆತ್ ತಂಡವನ್ನು ಸೋಲಿಸಿದರು. ಕೆಲವು ಆಟಗಾರರು ತಮ್ಮ ಅಂಗಿಯ ಲಾಂಛನದಲ್ಲಿದ್ದ ಕೆಂಪು ನಕ್ಷತ್ರವನ್ನು ಪಟ್ಟಿ ಅಂಟಿಸಿ ಮುಚ್ಚಿಕೊಂಡು ಆಡಿದರು. ಪಂದ್ಯ ಮುಗಿದ ಮೇಲೆ ಎದುರಾಳಿಗಳ ಕೈಕುಲುಕಲಿಲ್ಲ. ಎರಡನೆಯ ಗೆಲುವಿನ ರಾತ್ರಿ ಪ್ರಾಗಿನ ವೆನ್ಸೆಸ್ಲಾಸ್ ಚೌಕದಲ್ಲಿ ಜನಸಾಗರವೇ ನೆರೆಯಿತು. ಸೋವಿಯೆತ್ ವಿಮಾನ ಸಂಸ್ಥೆಯ ಕಚೇರಿಯ ಗಾಜುಗಳು ಪುಡಿಯಾದವು, ಒಳಗಿನ ಸಾಮಾನು ಬೆಂಕಿಗೆ ಆಹುತಿಯಾಯಿತು. ಆ ಕಚೇರಿಯ ಮುಂದೆ ಬೀದಿಗೆ ಹಾಸುವ ಕಲ್ಲುಗಳು ಅದೇ ಹೊತ್ತಿಗೆ ರಾಶಿಬಿದ್ದಿದ್ದುದು ಗುಪ್ತ ಪೋಲೀಸರ ಕೆಲಸವೆಂಬ ಬಲವಾದ ಶಂಕೆ ಅಂದಿನಿಂದಲೂ ಇದೆ. ಸೋವಿಯೆತ್ ರಕ್ಷಣಾ ಮಂತ್ರಿ ಗ್ರೆಚ್ಕೊ ಪ್ರಾಗಿಗೆ ಧಾವಿಸಿದರು. ಏಪ್ರಿಲ್ ೧೭ರಂದು, ಸುಧಾರಣೆಯ ನಾಯಕ ದುಬ್ಚೆಕ್ ಪಕ್ಷದ ಪ್ರಥಮ ಕಾರ್ಯದರ್ಶಿಯ ಸ್ಥಾನದಿಂದ ಇಳಿದರು. ಹುಸಾಕ್ ಆ ಸ್ಥಾನಕ್ಕೆ ಬಂದರು. ದುಬ್ಚೆಕ್ ಅವರ ಪತನ ಎಂದಿದ್ದರೂ ಆಗುತ್ತಿದ್ದಿತೆಂದು ಹೇಳಬಹುದಾದರೂ, ಅದಕ್ಕೆ ನೆಪವನ್ನು ಒದಗಿಸಿದುದು ಹಾಕಿಯ ಗೆಲುವೆಂಬುದು ನಿರ್ವಿವಾದ. ಇಷ್ಟಾಗಿಯೂ ಆ ವರ್ಷದ ವಿಶ್ವ ಪದವಿ ದೊರೆತುದು ಸೋವಿಯೆತ್ ತಂಡಕ್ಕೇ.

ಬಹಿಷ್ಕಾರದ ವಿಷಯದಲ್ಲಿ ಒಂದು ಮಾತು. ಬೇಸಗೆಯ ಒಲಿಂಪಿಕ್ಕುಗಳು ೧೯೭೬, ೧೯೮೦, ೧೯೮೪ರಲ್ಲಿ ದೊಡ್ಡ ಬಹಿಷ್ಕಾರಗಳಿಂದ ಮುಕ್ಕಾದವು, ಹಿಮಕೂಟಗಳು ಹಾಗಾಗಲಿಲ್ಲ. ೧೯೭೬ರಲ್ಲಿ ಹೊರನಡೆದ ಆಫ್ರಿಕೆಯ ದೇಶಗಳು ಹಿಮಕೂಟಕ್ಕೆ ಬರುತ್ತಿದ್ದುದೇ ಅಪರೂಪ. ೧೯೮೦ರ ಫೆಬ್ರುವರಿಯಲ್ಲಿ ಲೇಕ್ ಪ್ಲ್ಯಾಸಿಡ್ಡಿನಲ್ಲಿ ಆತಿಥೇಯರು ಅಮೇರಿಕೆಯವರೇ ಆಗಿದ್ದರು. ಅಫ್ಘಾನಿಸ್ತಾನದಿಂದ ಸೈನ್ಯವನ್ನು ಹಿಂತೆಗೆಯಲು ಅಧ್ಯಕ್ಷ ಕಾರ್ಟರ್ ವಿಧಿಸಿದ್ದ ಗಡುವು ಫೆಬ್ರುವರಿ ೨೦ಕ್ಕೆ ಕಳೆದರೂ, ಎರಡು ದಿನಗಳ ಮೇಲೆ ಅಮೇರಿಕೆಯ ವಿದ್ಯಾರ್ಥಿಗಳ ತಂಡ ಸೋವಿಯೆತ್ ಹಾಕಿ ತಂಡವನ್ನು ೪-೩ರಿಂದ ಸೋಲಿಸಿದ ಪಂದ್ಯ ನಡೆದೇ ನಡೆಯಿತು. ಅಲ್ಲಿಂದ ನಿಜವಾಗಿ ಹೊರನಡೆದವರು ತೈವಾನಿನವರು. ೧೯೭೯ರ ನಿರ್ಣಯದಂತೆ ಚೀನ ಜನತಾ ಗಣರಾಜ್ಯವು ಮೊದಲ ಸಲ ಹಿಮಕೂಟಕ್ಕೆ ಬಂದಿತು. ತೈವಾನಿನವರು ತಮ್ಮ ಹಳೆಯ ಹೆಸರನ್ನೂ ಧ್ವಜವನ್ನೂ ಬಿಟ್ಟು ಚೈನೀಸ್ ತೈಪೆ ಎಂಬ ಹೆಸರಿನಿಂದ ಬರಬೇಕಾಯಿತು. ಅವರು ಒಪ್ಪದೆ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ಸೋತು, ಊರಿಗೆ ಮರಳಿದರು. ೧೯೮೪ರಲ್ಲಿ ಅದೇ ಹೆಸರಿನಿಂದ ಸರಾಯೆವೊಗೆ ಬಂದರು. ಹೆಸರಿನ ಜಗಳದಲ್ಲಿ ಸೋತವನು ಆಟ ಬಿಡುವುದು ಒಂದು ಸಲ ಮಾತ್ರ. ಎರಡನೆಯ ಸಲ ಹೆಸರನ್ನೇ ಬಿಡುತ್ತಾನೆ.

ಈಗ ಭಾರತದ ಪ್ರಕರಣವನ್ನೆತ್ತಿಕೊಳ್ಳೋಣ. ನಮ್ಮಲ್ಲಿ ಸ್ಕೀಯಿಂಗ್ ವಿಹಾರಿಗಳ ಆಟವಾಗಿ ಮೊದಲಾದುದು ನಿಜವಾದರೂ, ಅದಕ್ಕೆ ನೆಲೆ ದೊರೆತುದು ಗಡಿಯಿಂದ. ೧೯೪೮ರ ಡಿಸೆಂಬರಿನಲ್ಲಿ, ಕಾಶ್ಮೀರದ ಯುದ್ಧ ಇನ್ನೂ ನಿಂತಿರದಿದ್ದಾಗ, ಗುಲ್ಮಾರ್ಗದಲ್ಲಿ ಭೂಸೈನ್ಯವು ಒಂದು ಸ್ಕೀ ಶಾಲೆಯನ್ನು ತೆರೆಯಿತು. ಅದೇ ಮುಂದೆ ಉನ್ನತ ಪ್ರದೇಶದ ಯುದ್ಧಶಿಕ್ಷಣ ಶಾಲೆಯಾಗಿ ಬೆಳೆಯಿತು. ಚೀನದ ಆಕ್ರಮಣದ ನಡುವೆ, ೧೯೬೨ರ ಅಕ್ಟೋಬರಿನಲ್ಲಿ, ಇಂಡೋ-ಟಿಬೆಟನ್ ಗಡಿ ಪೋಲೀಸ್ ದಳ ಹುಟ್ಟಿತು. ದೇಶದ ಹಿಮಕ್ರೀಡಾಪಟುಗಳಲ್ಲಿ ಹಲವರು ಈ ಎರಡು ಸಂಸ್ಥೆಗಳಿಂದ ಬಂದವರು. ಶಾಮೊನಿಯ ಸೈನಿಕ ಗಸ್ತು ನಮ್ಮಲ್ಲಿಯೂ ನಡೆಯಿತೆನ್ನಬೇಕು.

ಆದರೆ ೧೯೬೪ರಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ಭಾರತವನ್ನು ಪ್ರತಿನಿಧಿಸಿದ ಮೊದಲ ಹಿಮಕ್ರೀಡಾಪಟು ಯೋಧರಾಗಿರಲಿಲ್ಲ. ಪೋಲೆಂಡಿನಲ್ಲಿ ಹುಟ್ಟಿದ ಜೆರೆಮಿ ಬುಯಾಕೋವ್‌ಸ್ಕಿ ಎಂಬವರು. ೧೯೬೮ರ ಗ್ರೆನೋಬಲ್ ಕೂಟಕ್ಕೂ ಭಾರತದಿಂದ ಹೋದವರು ಅವರೊಬ್ಬರೇ. ಪೋಲಿಷ್ ಮೂಲದವರೊಬ್ಬರು ತ್ರಿವರ್ಣಧ್ವಜದ ಹಿಂದೆ ನಡೆದುದು ಚೋದ್ಯವೆಂದು ತೋರಬಹುದು. ನಮ್ಮ ಭಾಗದವರಿಗೆ ಅದು ತೀರ ಅಪರಿಚಿತವಾಗಿರಬೇಕಾದುದಿಲ್ಲ. ಚಿಕ್ಕೋಡಿ, ನಿಪ್ಪಾಣಿಗಳಿಗೆ ದೂರವಲ್ಲದ ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ ೧೯೪೩ರಿಂದ ೧೯೪೮ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರು ನೆಲೆಸಿದ್ದರು. ಸ್ಟಾಲಿನ್ನನ ಆಳಿಕೆಯಲ್ಲಿ ಗಡೀಪಾರಾಗಿ ಬದುಕಿ ಉಳಿದವರು ಅವರು. ಬುಯಾಕೋವ್‌ಸ್ಕಿಯವರಿಗೂ ಆ ಶಿಬಿರಕ್ಕೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಮಧ್ಯ ಯುರೋಪಿನ ಗಡಿಗಳು ಕದಲಿದಾಗ ಅಲ್ಲಿಯ ಮನುಷ್ಯರು ಎಷ್ಟು ದೂರ ಬಂದು ಬಿದ್ದರೆಂಬುದಕ್ಕೆ ಪಂಚಗಂಗೆಯ ತೀರವೂ ಸಾಕ್ಷಿಯಾಗಿದ್ದಿತೆಂಬುದಷ್ಟೇ ನಮ್ಮ ಅಭಿಪ್ರಾಯ.

ಧ್ವಜದ ಪ್ರಶ್ನೆ ನಮಗೆ ನೇರವಾಗಿ ತಗುಲಿದುದು ೨೦೧೪ರಲ್ಲಿ, ರಷ್ಯಾದ ಸೋಚಿಯಲ್ಲಿ. ಭಾರತೀಯ ಒಲಿಂಪಿಕ್ ಸಂಸ್ಥೆಯ ಚುನಾವಣೆಯ ವಿವಾದದಿಂದಾಗಿ ಅಂತರರಾಷ್ಟ್ರೀಯ ಸಮಿತಿಯು ೨೦೧೨ರ ಡಿಸೆಂಬರಿನಲ್ಲಿ ಅದನ್ನು ಅಮಾನತಿನಲ್ಲಿಟ್ಟಿದ್ದಿತು. ಆದುದರಿಂದ ಫೆಬ್ರುವರಿ ೭ರ ಉದ್ಘಾಟನೆಯಲ್ಲಿ ಶಿವ ಕೇಶವನ್, ಹಿಮಾಂಶು ಠಾಕೂರ್, ನದೀಮ್ ಇಕ್ಬಾಲ್ ಎಂಬ ಮೂವರು ಸ್ವತಂತ್ರ ಸ್ಪರ್ಧಿಗಳೆಂಬ ಹೆಸರಿನಿಂದ ಒಲಿಂಪಿಕ್ ಧ್ವಜದ ಹಿಂದೆ ನಡೆದರು. ಕೇಶವನ್ ಅವರ ಲ್ಯೂಜ್, ಅಂದರೆ ಜಾರುಬಂಡಿಯ ಸ್ಪರ್ಧೆ, ೮ ಮತ್ತು ೯ರಂದು ಮುಗಿಯಿತು. ೧೧ರಂದು ಅಮಾನತು ತೆರವಾಯಿತು. ಉಳಿದ ಇಬ್ಬರು ಭಾರತದ ಹೆಸರಿನಲ್ಲಿಯೇ ಸ್ಪರ್ಧಿಸಿದರು. ಕ್ರೀಡಾಗ್ರಾಮದಲ್ಲಿ ತ್ರಿವರ್ಣಧ್ವಜ ಏರಿತು. ೧೯೯೮ರಲ್ಲಿ ಹದಿನಾರರ ವಯಸ್ಸಿನಿಂದ ದೇಶದ ಹೆಸರಿನಲ್ಲಿ ಜಾರುತ್ತ ಬಂದಿದ್ದ ಕೇಶವನ್ ಅವರಿಗೆ ಎರಡು ದಿನಗಳ ಅಂತರದಿಂದ ಆ ಹೆಸರು ತಪ್ಪಿತು. ಇಲ್ಲಿ ಪರರಾಜ್ಯವೇನೂ ಅಡ್ಡಬರಲಿಲ್ಲ. ಮನೆಯ ಜಗಳವೇ ಸಾಕಾಯಿತು.

೨೦೨೨ರ ಬೀಜಿಂಗ್ ಕೂಟದ ವೃತ್ತಾಂತ ಬೇರೆ. ೨೦೨೧ರ ನವೆಂಬರಿನಲ್ಲಿ ರಷ್ಯಾ, ಭಾರತ, ಚೀನಗಳ ವಿದೇಶಾಂಗ ಮಂತ್ರಿಗಳ ಜಂಟಿ ಹೇಳಿಕೆಯಲ್ಲಿ ಆ ಕೂಟಕ್ಕೆ ಬೆಂಬಲವನ್ನು ಸೂಚಿಸಿದ್ದರು. ಅಮೇರಿಕೆ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳು ರಾಜತಾಂತ್ರಿಕ ಬಹಿಷ್ಕಾರವನ್ನು ಸಾರಿದಾಗಲೂ ಭಾರತ ಅವರೊಡನೆ ಸೇರಲಿಲ್ಲ. ಆದರೆ ಉದ್ಘಾಟನೆಗೆ ಎರಡು ದಿನ ಮುಂಚೆ, ೨೦೨೦ರ ಜೂನಿನಲ್ಲಿ ಗಲ್ವಾನ್ ಕಣಿವೆಯ ಘರ್ಷಣೆಯಲ್ಲಿ ಗಾಯಗೊಂಡಿದ್ದ ಚೀನೀ ಸೇನಾಧಿಕಾರಿ ಚಿ ಫಾಬಾವೊ ಅವರ ಕೈಗೆ ಕ್ರೀಡಾಜ್ಯೋತಿಯನ್ನು ಕೊಡಲಾಯಿತು. ಆ ಘರ್ಷಣೆಯಲ್ಲಿ ನಮ್ಮ ಇಪ್ಪತ್ತು ಮಂದಿ ಯೋಧರು ಮಡಿದಿದ್ದರು. ಫೆಬ್ರುವರಿ ೩ರಂದು ಭಾರತ ಸರಕಾರವು ತನ್ನ ರಾಯಭಾರ ಕಚೇರಿಯ ಮುಖ್ಯಸ್ಥರು ಉದ್ಘಾಟನೆ, ಸಮಾರೋಪಗಳಿಗೆ ಹೋಗುವುದಿಲ್ಲವೆಂದು ಪ್ರಕಟಿಸಿತು. ಆ ಎರಡು ಸಮಾರಂಭಗಳನ್ನು ದೂರದರ್ಶನ ಪ್ರಸಾರ ಮಾಡುವುದಿಲ್ಲವೆಂದೂ ತಿಳಿಸಲಾಯಿತು. ಭಾರತದಿಂದ ಹೋಗಿದ್ದ ಏಕೈಕ ಸ್ಪರ್ಧಿ ಕಾಶ್ಮೀರದ ಆರಿಫ್ ಖಾನ್ ಮರುದಿನ ತ್ರಿವರ್ಣಧ್ವಜವನ್ನು ಹಿಡಿದು ನಡೆದರು. ಜಯಂಟ್ ಸ್ಲಾಲಮ್ ಸ್ಪರ್ಧೆಯಲ್ಲಿ ನಲವತ್ತೈದನೆಯವರಾದರು, ಸ್ಲಾಲಮ್ಮನ್ನು ಪೂರ್ಣಗೊಳಿಸಲಾಗಲಿಲ್ಲ. ಸ್ಪರ್ಧಿಯನ್ನು ಹಿಂದಕ್ಕೆ ಕರೆಸಿಕೊಳ್ಳದೆ ರಾಯಭಾರಿಯನ್ನಷ್ಟೇ ತಡೆದ ಸರಕಾರದ ಕ್ರಮ ವಿವೇಕಯುತವೆಂದು ನಮ್ಮ ಅಭಿಪ್ರಾಯ. ಪ್ರಸಾರವನ್ನು ನಿಲ್ಲಿಸಿದುದರ ವಿಷಯದಲ್ಲಿ ಹಾಗೆ ಹೇಳಲಾರೆವು. ಅವರು ಧ್ವಜ ಹಿಡಿದು ನಡೆದ ಆ ಕೆಲವು ನಿಮಿಷಗಳನ್ನು ಸ್ವದೇಶದ ಸರಕಾರಿ ವಾಹಿನಿಯೇ ತೋರಿಸದೆ ಹೋಯಿತು.

ಕೊನೆಯದಾಗಿ ನಮ್ಮ ಭಾಗದ ಕಾಲೇಜುಗಳಿಗೆ ಸಂಬಂಧಿಸಿದ ಒಂದು ಕೆಲಸದ ಸೂಚನೆ. ಹಿಮದ ದೇಶಕ್ಕೆ ಕನ್ನಡಿಗರೂ ಹೋಗಿದ್ದಾರೆ. ಕೊಡಗಿನ ತೆಕ್ಕಡ ಭವಾನಿಯವರು ಕ್ರಾಸ್-ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಅವರ ವೃತ್ತಾಂತ ಪತ್ರಿಕೆಗಳಲ್ಲಿ ಸಿಗುತ್ತದೆ. ಆದರೆ ಆಂಟ್ವರ್ಪಿಗೆ ಹೋದ ತಲೆಮಾರಿನ ಕುರುಹುಗಳನ್ನು ಮನೆಮನೆಯ ಪೆಟ್ಟಿಗೆಗಳಲ್ಲಿ ಹುಡುಕಬೇಕು. ಸಂಸ್ಥಾನಗಳ ಕಾಲದಲ್ಲಿ ಪೈಲ್ವಾನರೂ ಓಟಗಾರರೂ ಯಾವ ದರಬಾರಿನ ಹೆಸರಿನಲ್ಲಿ ಕಣಕ್ಕಿಳಿದರು, ಯಾವ ಗಡಿ ದಾಟಲು ಯಾರ ಚೀಟಿ ಬೇಕಾಗುತ್ತಿದ್ದಿತು ಎಂಬುದು ಹಳೆಯ ತಾಲೀಮುಗಳ ಲೆಕ್ಕಪುಸ್ತಕಗಳಲ್ಲಿ, ಜಾತ್ರೆಯ ಪಂಚರ ಕಾಗದಗಳಲ್ಲಿ, ಮೋಡಿ ಲಿಪಿಯ ಪತ್ರಗಳಲ್ಲಿ ಅಡಗಿರುವುದು ಸಂಭವನೀಯ. ಉಗಾರ ಖುರ್ದ, ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಇಂಥವು ಕಣ್ಣಿಗೆ ಬಿದ್ದರೆ ಅವುಗಳ ಪ್ರತಿಗಳನ್ನು ವಿಭಾಗಕ್ಕೆ ತಲುಪಿಸಬೇಕೆಂದು ವಿನಂತಿಸುತ್ತೇವೆ. ಮೂಲಗಳನ್ನು ಮನೆಯವರ ಬಳಿಯಲ್ಲಿಯೇ ಉಳಿಸತಕ್ಕದ್ದು.